ಭಾಗಮ್ಮನ ಹೊಲದಲ್ಲಿ ಅಂತರಲೆ ನಿಂತ ನೊಣ

ಆ ದಿನ ಮುಂಜಾನೆ ದೋರನಹಳ್ಳಿಯ ಒಂದು ಹೊಲದ ಬದುವಿನ ಮೇಲೆ ನಾವು ಆರು ಮಂದಿ ನಿಂತಿದ್ದೆವು. ಬೆನ್ನಿಗೆ ಪಂಪು ಕಟ್ಟಿಕೊಂಡ ಇಬ್ಬರು ಆಳುಗಳು, ಶಹಾಪುರದಿಂದ ಜೀಪಿನಲ್ಲಿ ಬಂದ ನಮ್ಮ ಕೃಷಿ ಅಧಿಕಾರಿ ಸಾಹೇಬರು, ಹೊಲದೊಡತಿ ಭಾಗಮ್ಮ, ಪಕ್ಕದ ಹೊಲದ ಸಂಗಣ್ಣ. ಎಲ್ಲರಿಗಿಂತ ಹಿಂದೆ, ಕೈಯಲ್ಲೊಂದು ಹಾಳೆ ಹಿಡಿದುಕೊಂಡು, ನಾನು. ಆ ಊರಿಗೆ ನಾನು ಗ್ರಾಮಸೇವಕ. ಹೊಲ ಸುತ್ತುವುದು, ಹುಳ ಎಣಿಸುವುದು, ಎಣಿಸಿದ್ದನ್ನು ಬರೆದು ಕಚೇರಿಗೆ ಕಳಿಸುವುದು ನನ್ನ ಕೆಲಸ. ಅವತ್ತು ಜೀಪು ಅಲ್ಲಿಗೆ ಬಂದದ್ದೇ ನಾನು ಬರೆದು ಕಳಿಸಿದ ಹಾಳೆಯಿಂದ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ನನ್ನನ್ನು ಕೇಳುತ್ತಾರೆ, ಸರ್, ನಿಮ್ಮ ಸರ್ವಿಸಿನಲ್ಲಿ ದೊಡ್ಡ ಸಾಧನೆ ಯಾವುದು ಅಂತ. ಬಡ್ತಿ ಬಂದದ್ದು, ವರ್ಗ ಆದದ್ದು ಎಲ್ಲ ಕಚೇರಿಯ ಪುಸ್ತಕದಲ್ಲಿ ಬರೆದಿದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ನಾನು ಹೇಳುವುದು ಒಂದು ನೊಣದ ಸಂಗತಿ. ಉದ್ದ ಉಗುರಿನಷ್ಟೂ ಇಲ್ಲ. ಅದರ ಹೆಸರು ಹಿಡಿಯಲಿಕ್ಕೆ ಹತ್ತು ದಿನ ಹಿಡಿಯಿತು.

ನಾರಾಯಣಪುರದ ಕಾಲುವೆಗೆ ನೀರು ಬಿಟ್ಟು ಆಗ ಕೆಲವು ವರ್ಷವಾಗಿತ್ತು. ಮೇಲಿನ ಹೊಲಗಳಿಗೆಲ್ಲ ಭತ್ತ ಬಂದಿತ್ತು. ಭತ್ತದ ಬೆನ್ನಿಗೆ ಪಂಪು ಬಂತು, ಔಷಧಿಯ ಡಬ್ಬಿ ಬಂತು. ಭಾಗಮ್ಮನ ಹೊಲ ಮಾತ್ರ ಕಾಲುವೆಯ ಕಟ್ಟಕಡೆಗೆ. ನಕ್ಷೆಯಲ್ಲಿ ಅಲ್ಲಿಗೂ ನೀರಿತ್ತು. ಹೊಲಗಾಲುವೆಯನ್ನೂ ತೋಡಿದ್ದರು, ಅದು ಆಕೆಯ ಬದು ಮುಟ್ಟುವ ಮೊದಲೇ, ನಾಲ್ಕು ಮಾರು ದೂರದಲ್ಲಿ, ದಣಿದವರ ಹಾಗೆ ನಿಂತುಬಿಟ್ಟಿತ್ತು. ಹೀಗಾಗಿ ಆಕೆ ಹಿಂದಿನವರ ಹಾಗೆಯೇ ಕರಿ ಮಣ್ಣಿನ ಎರಿ ಹೊಲಕ್ಕೆ ಹಿಂಗಾರಿಯಲ್ಲಿ ಕುಸುಬಿ ಬಿತ್ತುತ್ತಿದ್ದಳು. ಆ ಕುಸುಬಿ ಗಾಣಕ್ಕೆ ಹೋಗಿ ಬಂದರೆ ಮನೆಗೆ ವರ್ಷದ ಎಣ್ಣೆ. ಉಳಿದ ಕಾಳು ಓಣಿಯ ಅರ್ಧ ಮಂದಿಗೆ ಮರುವರ್ಷದ ಬೀಜ. ಬೆಳೆ ಕೆಟ್ಟರೆ ಆ ಮನೆಯಲ್ಲಿ ಮುಂದಿನ ಹಿಂಗಾರಿಯವರೆಗೆ ಒಗ್ಗರಣೆಯ ಸಪ್ಪಳ ಇಲ್ಲ.

ಗಿಡಗಳ ಚಿಗುರಿಗೆ ಕರಿ ಹೇನು ಹತ್ತಿದ್ದವು. ಹೇನಿನ ನಡುವೆ ಹಸಿರು ಮಿಶ್ರಿತ ಬಿಳಿಯ, ಕಾಲಿಲ್ಲದ ಹುಳಗಳು ತೆವಳುತ್ತಿದ್ದವು. ನಾನು ವಾರದ ಸುತ್ತಿಗೆ ಬಂದಾಗ ಕಲಿಸಿಕೊಟ್ಟ ಹಾಗೆ ಹೊಲದಲ್ಲಿ ಹಾವಿನಂತೆ ಓರೆಕೋರೆಯಾಗಿ ನಡೆದು, ಅಲ್ಲಲ್ಲಿ ನಿಂತು, ಗಿಡ ಬಗ್ಗಿಸಿ, ಆ ಹುಳಗಳನ್ನು ಎಣಿಸಿ ಬರೆದಿದ್ದೆ. ಹಾಳೆಯಲ್ಲಿ ಇದ್ದದ್ದು ಒಂದೇ ಕಾಲಂ: ಹುಳ. ಎಣಿಕೆ ಹೆಚ್ಚಾದರೆ ಪಂಪು ಬರಬೇಕು. ಪಂಪು ಬಂದಿತ್ತು.

ಸಾಹೇಬರು ಮೈಸೂರು ಕಡೆಯವರು, ಬಿಳಿ ಅಂಗಿ, ಮಾತು ಮೆತ್ತಗೆ, ಕೆಲಸ ಬಿಗಿ.

"ಇಡೀ ಹೋಬಳೀಲಿ ಇದೇ ಜಾಸ್ತಿ. ಇಲ್ಲಿಂದಲೇ ಶುರು ಮಾಡಿ," ಅಂದರು ಆಳುಗಳಿಗೆ.

ಭಾಗಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಪಿನ ಮುಂದೆ ಬಂದು ನಿಂತಳು. ಜಗಳದ ನಿಲುವು ಏನೂ ಅಲ್ಲ, ಬಾಗಿಲಲ್ಲಿ ನಿಂತು ಮಾತಾಡುವವರ ಹಾಗೆ.

"ಸಾಹೇಬ್ರ, ಒಂದ್ ಮಾತು. ಆ ಹುಳ ಗಿಡ ತಿನ್ನಂಗಿಲ್ರಿ. ಹೇನು ತಿಂತದ."

"ಯಾರು ಹೇಳಿದ್ರಮ್ಮ ನಿಮಗೆ?"

"ಯಾರೂ ಹೇಳಿಲ್ರಿ. ತಿನ್ನಾಗ ಕುಂತು ನೋಡೀನಿ."

ಸಂಗಣ್ಣ ನಕ್ಕ. "ಈಕೀಗಿ ಬ್ಯಾರೆ ಕೆಲಸಿಲ್ಲ ಸಾಹೇಬ್ರ. ಹುಳ ಊಟ ಮಾಡದು ನೋಡಕೋತ ಕುಂದ್ರತಾಳ."

"ನೀ ಉಂಬೋದು ನೋಡೋದಕ್ಕಿಂತ ಚೊಲೊ ಅದ ಬಿಡೊ ಸಂಗಣ್ಣ," ಅಂದಳು ಆಕೆ. ಪಂಪಿನ ಆಳುಗಳು ಮುಖ ಆಚೆ ತಿರುಗಿಸಿಕೊಂಡರು.

ನನಗೆ ನಗು ಬರಲಿಲ್ಲ. ನನ್ನ ಅಂಗೈ ಜಿಗುಟಾದ ಹಾಗೆ ಅನ್ನಿಸಿತು. ಅದಕ್ಕೊಂದು ಕಾರಣ ಇದೆ, ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಹಿಂದಿನ ವರ್ಷ ನಾನು ಸುರಪುರದ ಕಡೆ ಇದ್ದೆ. ಬೋನಾಳದ ಕೆರೆ ದಂಡೆಗೆ ತಿಪ್ಪಣ್ಣ ಮುತ್ಯಾ ಅಂತ ಒಬ್ಬ ಮುದುಕನ ಕುಸುಬಿ ಹೊಲ. ಅಲ್ಲೂ ಹೇನು, ಅಲ್ಲೂ ಇಂಥವೇ ಹುಳ. ಬರೆದು ಕಳಿಸಿದೆ, ಪಂಪು ಬಂತು, ಹೇನೂ ಸತ್ತವು, ಹುಳವೂ ಸತ್ತವು. ನಾನು ದೊಡ್ಡ ಕೆಲಸ ಮಾಡಿದ ಹಾಗೆ ತಿರುಗಾಡಿದೆ. ಹದಿನೈದು ದಿನಕ್ಕೆ ಹೇನು ತಿರುಗಿ ಬಂದವು, ಮೊದಲಿನ ಎರಡರಷ್ಟು. ಎಲೆಯೆಲ್ಲ ಜಿಗಿ ಬಿದ್ದು ಮಸಿ ಬಳಿದ ಹಾಗಾಯಿತು. ಮುದುಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗಿ, ಒಂದು ಟೊಂಗೆ ಮುರಿದು, ಅದರ ಜಿಗಿಯನ್ನು ನನ್ನ ಅಂಗೈಗೆ ಒರೆಸಿದ. "ಇರ್ಲಿ ಬಿಡು ತಮ್ಮಾ. ಏನ್ ಬರದೀ ಅನ್ನೋದು ಕೈಗಿ ಅಂಟಿಕೊಂಡಿರಲಿ," ಅಂದ. ಕೆರೆಯಲ್ಲಿ ಎಷ್ಟು ತಿಕ್ಕಿ ತೊಳೆದರೂ ಅದು ಮನೆ ಮುಟ್ಟುವವರೆಗೆ ಬಿಟ್ಟಿರಲಿಲ್ಲ.

ಆಗ ಕೂಡ ನನಗೆ ಕಾರಣ ತಿಳಿದಿರಲಿಲ್ಲ. ಭಾಗಮ್ಮ "ತಿನ್ನಾಗ ಕುಂತು ನೋಡೀನಿ" ಅಂದಾಗ ತಿಳಿಯಿತು. ನಾನು ಎಣಿಸಿದ್ದೆ. ನೋಡಿರಲಿಲ್ಲ.

ಬಗ್ಗಿ ನೋಡಿದೆ. ಕುಸುಬಿ ಹೊಲದಲ್ಲಿ ಬಗ್ಗುವುದು ಸುಲಭದ ಮಾತಲ್ಲ, ಮುಳ್ಳು ಪ್ಯಾಂಟಿನೊಳಗೆ ಹೊಗುತ್ತವೆ. ಒಂದು ಹುಳ ಮುಂಭಾಗವನ್ನು ಗಾಳಿಯಲ್ಲಿ ಎತ್ತಿ ಅತ್ತಿತ್ತ ತಡಕಾಡಿ, ಒಂದು ಹೇನನ್ನು ಕಚ್ಚಿ ಮೇಲಕ್ಕೆತ್ತಿತು. ಹೇನಿನ ಆರೂ ಕಾಲು ಗಾಳಿಯಲ್ಲಿ ಒದ್ದಾಡಿದವು. ನೋಡುತ್ತಿದ್ದ ಹಾಗೆಯೇ ರಸವೆಲ್ಲ ಹೀರಿ, ಒಣ ಸಿಪ್ಪೆಯನ್ನು ಬಿಸಾಕಿ, ಪಕ್ಕದ ಹೇನಿಗೆ ಬಾಯಿ ಹಾಕಿತು.

"ಸರ್," ಅಂದೆ, "ನನ್ನ ವರದಿ ತಪ್ಪಾಗಿದೆ ಅಂತ ಕಾಣುತ್ತದೆ."

ಸಾಹೇಬರು ನನ್ನನ್ನು ಬದುವಿನ ಆಚೆ ಕರೆದರು. ದನಿ ಎತ್ತರಿಸಲಿಲ್ಲ. "ಶರಣಪ್ಪ, ಕುಸುಬೆ ನೊಣ ಅಂತ ಒಂದಿದೆ. ಅದರ ಮರೀನೂ ಕಾಲಿಲ್ಲದ ಬಿಳಿ ಹುಳಾನೇ. ಮೊಗ್ಗಿನೊಳಗೆ ಹೊಕ್ಕು ಕೊಳೆಸಿಬಿಡುತ್ತೆ. ಇದು ಅದೇ ಆಗಿದ್ರೆ? ಈ ಹೊಲ ಒಂದೇ ಅಲ್ಲ, ಸುತ್ತಲಿನ ಕುಸುಬೆ ಎಲ್ಲ ಹೋಗುತ್ತೆ. ಹೇನು ತಿನ್ನೋದು ನೋಡಿದೆ ಅಂತ ಕಡತದಲ್ಲಿ ಬರೆಯೋಕಾಗುತ್ತಾ? ಯಾವ ಜೀವ ಅದು? ಹೆಸರೇನು?"

ನನಗೆ ಹೆಸರು ಗೊತ್ತಿರಲಿಲ್ಲ.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ ಅನ್ನುವುದನ್ನು ಈಗಲೂ ಒಪ್ಪುತ್ತೇನೆ. ಪಂಪಿನವರು ಉಳಿದ ಊರು ಮುಗಿಸಿ ತಿರುಗಿ ಬರುವುದಕ್ಕೆ ಹತ್ತು ದಿನ ಇದೆ, ಅಂದರು ಸಾಹೇಬರು. ಅಷ್ಟರಲ್ಲಿ ಹೆಸರು ತರಬೇಕು, ಇಲ್ಲವೆಂದರೆ ಔಷಧಿ. ಅಷ್ಟು ದಿನ ಬೆಳೆಗೆ ಏನಾದರೂ ತನ್ನ ಜವಾಬ್ದಾರಿ ಎಂದು ಭಾಗಮ್ಮ ಬರೆದುಕೊಡಬೇಕು.

ಆಕೆ ಕಾಗದವನ್ನು ನನ್ನ ಬೆನ್ನಿನ ಮೇಲೆ ಇಟ್ಟುಕೊಂಡು ರುಜು ಹಾಕಿದಳು. ಒಂದೊಂದು ಅಕ್ಷರ ಒತ್ತಿ ಬರೆದದ್ದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. "ಗ್ರಾಮಸೇವಕ್ರ, ನನ್ನ ವರ್ಷದ ಎಣ್ಣಿ ನಿಮ್ಮ ಕೈಯಾಗ ಅದ," ಅಂದಳು. ಸಂಗಣ್ಣ ಮಾತ್ರ ತನ್ನ ಹೊಲಕ್ಕೆ ಪಂಪು ಅವತ್ತೇ ಹೊಡೆಸಿಕೊಂಡ. "ನನಗ ಹೆಸರು ಬ್ಯಾಡ್ರಿ, ಔಷಧಿ ಸಾಕು," ಅಂದ.

ಮಧ್ಯಾಹ್ನ ಉಳಿದವರೆಲ್ಲ ಹೋದ ಮೇಲೆ ಆಕೆ ನನಗೆ ಆ ಹುಳದ ತಾಯಿಯನ್ನು ತೋರಿಸಿದಳು. ಬಿಸಿಲಿನಲ್ಲಿ ಕುಸುಬಿಯ ತಲೆಯ ಮೇಲೆ, ಗೇಣು ಎತ್ತರದಲ್ಲಿ, ಒಂದು ಹಳದಿ ಪಟ್ಟೆಯ ನೊಣ ಕದಲದೆ ನಿಂತಿತ್ತು. ರೆಕ್ಕೆ ಕಾಣಿಸುತ್ತಿರಲಿಲ್ಲ, ಬರೀ ಮಿಣುಕು. ಯಾರೋ ದಾರ ಕಟ್ಟಿ ಇಳಿಬಿಟ್ಟ ಹಾಗೆ. ಗಾಳಿ ಬೀಸಿದರೂ ಅಲ್ಲೇ. ತಟ್ಟನೆ ಮಾಯವಾಗಿ ಎರಡು ಮಾರು ಆಚೆ ಮತ್ತೆ ನಿಂತಿತು.

"ಇದಕ್ಕ ಏನಂತೀರಕ್ಕಾ?"

"ಅಂತರಲೆ ನಿಂತ ನೊಣ ಅಂತೀನಿ. ಬ್ಯಾರೆಯವ್ರು ಜೇನು ಅಂತ ಓಡತಾರ. ಇದು ಕಚ್ಚಂಗಿಲ್ರಿ. ಹೇನು ಇದ್ದಲ್ಲೇ ಬಂದು ತತ್ತಿ ಇಡತದ."

ಅಂಗವಸ್ತ್ರ ಬೀಸಿ ಒಂದನ್ನು ಹಿಡಿದೆ. ಇಲ್ಲಿಂದ ನನ್ನ ಎರಡನೇ ತಪ್ಪು ಶುರುವಾಯಿತು. ನಮ್ಮ ಸಂಶೋಧನಾ ಕೇಂದ್ರದಲ್ಲಿ ಕೀಟ ಗುರುತಿಸುವ ಒಬ್ಬ ಮೇಡಂ ಇದ್ದರು. ಅವರಿಗೆ ಇದನ್ನು ಕಳಿಸಬೇಕು, ದಾರಿಯಲ್ಲಿ ಕೆಡಬಾರದು. ಕೆಡಬಾರದು ಅಂದರೆ ನಮ್ಮ ಕಡೆ ಏನು ಮಾಡುತ್ತಾರೆ? ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಮಾವಿನಕಾಯಿ ವರ್ಷಗಟ್ಟಲೆ ಇರುವಾಗ ನೊಣ ನಾಲ್ಕು ದಿನ ಇರುವುದಿಲ್ಲವೇ? ಭಾಗಮ್ಮನೇ ಒಂದು ಚಿಕ್ಕ ಸೀಸೆಯಲ್ಲಿ ಮನೆಯ ಕುಸುಬಿ ಎಣ್ಣೆ ತುಂಬಿ ಕೊಟ್ಟಳು. ನೊಣವನ್ನು ಅದರಲ್ಲಿ ಬಿಟ್ಟು, ಬಿರಡೆ ಬಿಗಿದು, ಅಂಚೆಗೆ ಹಾಕಿದೆ. ನಮ್ಮಿಬ್ಬರಿಗೂ ಬಹಳ ಸಮಾಧಾನವಾಯಿತು.

ಐದನೇ ದಿನ ಜವಾಬು ಬಂತು. "ನೀವು ಕಳಿಸಿದ ಉಪ್ಪಿನಕಾಯಿ ಮುಟ್ಟಿದೆ. ರುಚಿ ನೋಡಿಲ್ಲ. ರೆಕ್ಕೆಗಳು ಮೈಗೆ ಅಂಟಿವೆ, ಬಣ್ಣ ಹೋಗಿದೆ, ಕಾಲುಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಒಣಗಿದ ನೊಣ ಬೇಕು, ಎದೆಯ ಬಲಭಾಗಕ್ಕೆ ಸಣ್ಣ ಸೂಜಿ ಚುಚ್ಚಿ ಇಡಿ. ಮತ್ತೆ ಕಳಿಸುವಷ್ಟು ಸಮಯ ಇಲ್ಲವಾದರೆ ನೀವೇ ನೋಡಿ. ಏನು ನೋಡಬೇಕು ಎಂದು ಕೆಳಗೆ ಬರೆದಿದ್ದೇನೆ."

ಓದಿ ನಾಚಿಕೆಯಾಯಿತು. ಆದರೆ ಕೆಳಗಿನ ಬರಹ ಓದುತ್ತ ಹೋದ ಹಾಗೆ ನಾಚಿಕೆ ಹೋಗಿ ಏನೋ ಗುರುತಿನ ದನಿ ಕೇಳಿದ ಹಾಗಾಯಿತು. ನನ್ನ ಸ್ವಂತ ಮುತ್ಯಾ, ಅಂದರೆ ಅಜ್ಜ, ಎಮ್ಮೆ ಕಳೆದಾಗ ಊರೂರು ತಿರುಗಿ ಗುರುತು ಹೇಳುತ್ತಿದ್ದ ರೀತಿ ಅದು. "ಎಮ್ಮಿ ಕರ್ರಗದ" ಅಂದರೆ ಮುತ್ಯಾನಿಗೆ ಸಿಟ್ಟು. ಯಾವ ಎಮ್ಮಿ ಕರ್ರಗಿಲ್ಲೊ ಮಬ್ಬ, ಅನ್ನುತ್ತಿದ್ದ. ಕೋಡು ಹಿಂದಕ್ಕೆ ಬಾಗಿದೆಯೋ ಕೆಳಕ್ಕೋ, ಬಾಲದ ತುದಿ ಬಿಳಿಯೋ, ಹಣೆಯ ಮೇಲೆ ಚುಕ್ಕೆ ಎಡಕ್ಕೋ ಬಲಕ್ಕೋ, ಯಾವ ಕಿವಿ ಹರಿದಿದೆ. ಮೊದಲು ಎಲ್ಲಾ ಎಮ್ಮೆಗೂ ಇರುವ ಗುರುತು ಬಿಡು, ಆಮೇಲೆ ಹತ್ತು ಎಮ್ಮೆಗೆ ಇರುವ ಗುರುತು ಬಿಡು, ಕೊನೆಗೆ ಉಳಿಯುವುದು ನಮ್ಮ ಎಮ್ಮೆ. ಮೇಡಂ ಬರೆದದ್ದೂ ಅದೇ ಲೆಕ್ಕ.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿಟ್ಟಿದ್ದೆ, ಅದು ಮಾತ್ರ ಸರಿಯಾಗಿತ್ತು. ಬಲಿತ ಹುಳಗಳಿದ್ದ ಕುಸುಬಿಯ ಟೊಂಗೆಗಳನ್ನು ಮಸಿ ಕುಡಿಕೆಯ ನೀರಿನಲ್ಲಿ ನಿಲ್ಲಿಸಿ, ಮೇಲೆ ಕಂದೀಲಿನ ಗಾಜು ಕವುಚಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನನ್ನ ಖೋಲಿಯ ಕಿಟಕಿಯಲ್ಲಿ ಇಟ್ಟಿದ್ದೆ. ದಿನಾ ಹೊಸ ಹೇನು ತಂದು ಹಾಕುತ್ತಿದ್ದೆ. ಊರಿನವರು ಹೇನು ತೆಗೆಯುವುದು ಕಂಡಿದ್ದರು, ಹೇನು ಹುಡುಕಿಕೊಂಡು ಹೋಗುವವನನ್ನು ಕಂಡಿರಲಿಲ್ಲ. ಎರಡು ದಿನಕ್ಕೆ ಹುಳಗಳು ತಿನ್ನುವುದು ಬಿಟ್ಟು ಗಾಜಿಗೆ ಅಂಟಿಕೊಂಡು, ಒಂದು ಕಡೆ ಉಬ್ಬಿ ಒಂದು ಕಡೆ ಸಣ್ಣಗಾಗಿ, ತೂಗಿ ನಿಂತ ನೀರ ಹನಿಯ ಹಾಗೆ ಕೋಶ ಕಟ್ಟಿದವು.

ಎಂಟನೇ ದಿನ ಮುಂಜಾನೆ ಗಾಜಿನೊಳಗೆ ಒಂದು ನೊಣ ಕುಳಿತಿತ್ತು. ಮೊದಲು ಮಸುಕಾಗಿತ್ತು, ಚಹಾ ಕುಡಿದು ಬರುವಷ್ಟರಲ್ಲಿ ಹಳದಿ ಪಟ್ಟೆ ಮೂಡಿತ್ತು. ಭಾಗಮ್ಮ ಹೇಳಿದ್ದು ಖರೇ ಆಗಿತ್ತು. ಆ ಹುಳದಿಂದಲೇ ಈ ನೊಣ. ಒಣಗಿಸಿ, ಸೂಜಿ ಚುಚ್ಚಿ, ಬೆಂಕಿಪೆಟ್ಟಿಗೆಯಲ್ಲಿ ಜೋಳದ ದಂಟಿನ ಬೆಂಡು ಕೂಡಿಸಿ ಅದಕ್ಕೆ ಸೂಜಿ ನಿಲ್ಲಿಸಿದೆ. ಆದರೆ ನನ್ನ ಹತ್ತಿರ ಇದ್ದ ಭೂತಗನ್ನಡಿಯಲ್ಲಿ ಪಟ್ಟೆ ಬಿಟ್ಟರೆ ಏನೂ ಕಾಣಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹತ್ತಿರ ಉಸ್ಮಾನ್ ಚಾಚಾ ಅಂತ ಗಡಿಯಾರ ರಿಪೇರಿ ಮಾಡುವ ಹಿರಿಯರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಬಟ್ಟಲಿನ ಗಾಜು ಅವರ ಹತ್ತಿರ ಇತ್ತು. ಬೆಂಕಿಪೆಟ್ಟಿಗೆ ತೆರೆದು ಮುಂದಿಟ್ಟೆ.

"ಶರಣಪ್ಪ ಸಾಬ್, ಇದಕ್ಕ ಚಾವಿ ಎಲ್ಲಿ ಕೊಡಬೇಕ್ರಿ?" ಅಂದರು.

"ನಿಂತದ ಚಾಚಾ. ಯಾವ ಕಂಪನಿದು ಹೇಳ್ರಿ ಸಾಕು."

ಅವರು ನಕ್ಕು ಗಾಜು ಸಿಕ್ಕಿಸಿಕೊಂಡು ಬಗ್ಗಿದರು. ನಾನು ಮೇಡಂ ಕಾಗದ ಓದಿದೆ, ಅವರು ನೋಡಿದರು. ಆಮೇಲೆ ಗಾಜು ನನ್ನ ಕಣ್ಣಿಗೆ ಬಂದು, ಅದನ್ನೇ ನಾನೂ ನೋಡಿದೆ.

ಮೊದಲನೆಯದು, ರೆಕ್ಕೆ ಎಷ್ಟು. ಎರಡೇ. ಅವುಗಳ ಹಿಂದೆ ಮತ್ತೆರಡು ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಗುಬುಟು. ಜೇನಿಗೂ ಕಣಜಕ್ಕೂ ನಾಲ್ಕು ರೆಕ್ಕೆ. ಅಂದಮೇಲೆ ಇದು ಜೇನಿನ ವೇಷ ಹಾಕಿದ ನೊಣ. ಮೀಸೆಯೂ ಗಿಡ್ಡ.

ಎರಡನೆಯದು, ರೆಕ್ಕೆಯ ಮೇಲೆ ಚುಕ್ಕೆ ಇದೆಯೇ. ಇಲ್ಲ, ಶುಭ್ರ ಗಾಜು. ಶತ್ರುವಾದ ಕುಸುಬಿ ನೊಣ ಬೂದಿ ಬಣ್ಣದ್ದು, ರೆಕ್ಕೆಯ ಮೇಲೆ ಕಂದು ಕಲೆ ಇರುತ್ತವೆ. ಇಲ್ಲಿಗೆ ನನ್ನ ಚಿಂತೆ ಅರ್ಧ ಇಳಿಯಿತು.

ಮೂರನೆಯದು, ರೆಕ್ಕೆಯ ನಡುವೆ ಎಲ್ಲಿಂದಲೂ ಹುಟ್ಟದ, ಎಲ್ಲಿಗೂ ಮುಟ್ಟದ ಒಂದು ಸುಳ್ಳು ನರ. ಚಾಚಾ ಬಹಳ ಹೊತ್ತು ಹುಡುಕಿ, "ಅದ ಸಾಬ್, ಅದ. ಕೂದಲಿನಂಗ ಒಂದು ಗೆರಿ, ಯಾವುದಕ್ಕೂ ಕೂಡಿಲ್ಲ," ಅಂದರು. ಆ ಗೆರೆ ಇದ್ದರೆ ಅದು ಹೂನೊಣಗಳ ಕುಲ. ಆ ಕುಲ ಕಂಡುಹಿಡಿಯಲಿಕ್ಕೆ ಇದಕ್ಕಿಂತ ಗಟ್ಟಿ ಗುರುತಿಲ್ಲ ಎಂದು ಮೇಡಂ ಕೆಳಗೆ ಗೆರೆ ಎಳೆದಿದ್ದರು.

ಕುಲ ಸಿಕ್ಕಿತು, ಹೆಸರು ಉಳಿಯಿತು. ನಮ್ಮ ಕಡೆ ಇಂಥ ಪಟ್ಟೆಯವು ಮುಖ್ಯವಾಗಿ ಎರಡು. ಒಂದಕ್ಕೆ ಬೆನ್ನಿನ ಪಟ್ಟೆಗಳ ನಡುವೆ ತೆಳುವಾದ ಇನ್ನೊಂದು ಕರಿ ಪಟ್ಟೆ, ತಿದ್ದಿದ ಮೀಸೆಯ ಹಾಗೆ. ನಮ್ಮದಕ್ಕೆ ಅದಿರಲಿಲ್ಲ, ಬಾಗಿದ ಹಳದಿ ಪಟ್ಟೆ, ಎದೆಯ ಎರಡೂ ಅಂಚಿಗೆ ಕೊರೆದಿಟ್ಟ ಹಾಗೆ ಹಳದಿ ಗೆರೆ, ಎದೆಯ ತುದಿಯಲ್ಲಿ ಹಳದಿ ಗುರಾಣಿ. ಎಲ್ಲ ಕೂಡುತ್ತಿತ್ತು. ಖಾತ್ರಿಗೆ ಕೊನೆಯ ಗುರುತು: ಗಂಡಿನ ಹಿಂಗಾಲಿನ ಬುಡದಲ್ಲಿ ಒಂದು ಮುಳ್ಳು. ಚಾಚಾ ಇಕ್ಕಳದ ತುದಿಯಿಂದ ಕಾಲು ಎತ್ತಿ ನೋಡಿ, ತಲೆ ಅಲ್ಲಾಡಿಸಿದರು. ಮುಳ್ಳು ಇಲ್ಲ.

ಕಾಗದ ಮತ್ತೊಮ್ಮೆ ಓದಿದೆ. ಗಂಡಿಗೆ ಎರಡು ಕಣ್ಣು ನೆತ್ತಿಯ ಮೇಲೆ ಕೂಡಿರುತ್ತವೆ, ಹೆಣ್ಣಿಗೆ ನಡುವೆ ಸಂದು. ನೋಡಿದರೆ ಸಂದು ಇತ್ತು. ಇದು ಹೆಣ್ಣು. ಮುಳ್ಳು ಇರುವುದಕ್ಕೆ ಸಾಧ್ಯವೇ ಇಲ್ಲ.

ಉಳಿದದ್ದು ಎರಡು ದಿನ. ಕಂದೀಲಿನ ಗಾಜಿನಲ್ಲಿ ಇನ್ನೂ ಮೂರು ಕೋಶ. ಆ ದಿನ ಸಂಜೆಯೊಳಗೆ ನಾನು ಖೋಲಿಗೆ ಎಷ್ಟು ಸಲ ಹೋಗಿ ನೋಡಿ ಬಂದೆನೋ. ಒಂಬತ್ತನೇ ದಿನ ಮುಂಜಾನೆ ಎರಡು ನೊಣ ಒಟ್ಟಿಗೆ ಬಂದಿದ್ದವು. ಒಂದರ ಕಣ್ಣುಗಳ ನಡುವೆ ಸಂದು. ಇನ್ನೊಂದರ ತಲೆಯೆಲ್ಲ ಕಣ್ಣೇ, ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಅದನ್ನೂ ಸೂಜಿಗೆ ಚುಚ್ಚಿಕೊಂಡು, ಏನೂ ತಿನ್ನದೆ ಬಸ್ಸು ಹತ್ತಿದೆ.

ಉಸ್ಮಾನ್ ಚಾಚಾ ಗಿರಾಕಿಯ ಗಡಿಯಾರ ಪಕ್ಕಕ್ಕಿಟ್ಟು ಬಗ್ಗಿದರು. ಇಕ್ಕಳದಿಂದ ಹಿಂಗಾಲನ್ನು, ಕೂದಲಿನಷ್ಟು ತೆಳ್ಳನೆಯದನ್ನು, ಮುರಿಯದ ಹಾಗೆ ಸರಿಸಿದರು. ನಾನು ಉಸಿರು ಬಿಟ್ಟರೆ ಆ ಕಾಲು ಹಾರಿಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆ.

"ಸಾಬ್," ಅಂದರು, ತಲೆ ಎತ್ತದೆ. "ಇಲ್ಲಿ ಒಂದು ಕೀಲು ಅದ. ನಮ್ಮ ಗಡಿಯಾರದಾಗ ಹೊಂದಸ್ತೀವಲ್ಲ, ಅಷ್ಟು ಸಾಫ್."

ನಾನೂ ನೋಡಿದೆ. ಕಾಲಿನ ಬುಡದಿಂದ ಮೊಳೆಯ ಹಾಗೆ ಚಾಚಿದ ಒಂದು ಮುಳ್ಳು. ಆ ನೊಣಕ್ಕೆ ಪುಸ್ತಕದಲ್ಲಿ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂದು ಹೆಸರು. ಚಾಚಾನ ಅಂಗಡಿಯ ಮುಂದೆ ನಿಂತು ಅದನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡೆ. ನಾಲಿಗೆಗೆ ಹತ್ತಬೇಕಲ್ಲ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಣ್ಣುಮಗಳು ಮಗುವನ್ನು ಆಚೆ ಎಳೆದುಕೊಂಡಳು. ಚಾಚಾ ಆ ಗಾಜನ್ನು ನನ್ನ ಕಿಸೆಗೆ ಹಾಕಿ, "ನಾಳಿ ಹೊಲದಾಗ ಬೇಕಾಗ್ತದ, ಒಯ್ರಿ. ಹಂಗ ಆ ಭಾಗಮ್ಮ ಬಾಯಿಗಿ ನನ್ನ ಸಲಾಂ ಹೇಳ್ರಿ," ಅಂದರು.

ಹತ್ತನೇ ದಿನ ಅದೇ ಬದು, ಅದೇ ಆರು ಮಂದಿ. ಪಂಪು ತುಂಬಿತ್ತು. ಸಂಗಣ್ಣ ತನ್ನ ಬದುವಿನ ಮೇಲೆ ಕುಳಿತಿದ್ದ. ಅವನ ಹೊಲದ ಚಿಗುರಿಗೆ ಕರಿ ಹೇನು ಮತ್ತೆ ಹತ್ತಲಿಕ್ಕೆ ಶುರುವಾಗಿದ್ದವು.

ಸಾಹೇಬರು ಕೈ ಚಾಚಿದರು. ಬೆಂಕಿಪೆಟ್ಟಿಗೆ ಕೊಟ್ಟೆ, ಗಾಜು ಕೊಟ್ಟೆ, ಹೆಸರು ಹೇಳಿದೆ. ಅವರು ಹೆಸರು ಕೇಳಿ ಸುಮ್ಮನಾಗುವವರಲ್ಲ. ಮೇಡಂ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು, ಜೀಪಿನ ಮೆಟ್ಟಿಲ ಮೇಲೆ ಕುಳಿತು, ಒಂದೊಂದು ಗುರುತನ್ನೂ ತಾವೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಪಂಪಿನ ಆಳುಗಳು ಪಂಪು ಇಳಿಸಿ ಕುಳಿತುಬಿಟ್ಟರು.

"ಮುಳ್ಳು ಇದೆ," ಅಂದರು ಕಡೆಗೆ. ಆಮೇಲೆ ಭಾಗಮ್ಮನನ್ನು ಕರೆದು, "ನೀವೂ ನೋಡಿಯಮ್ಮ. ನಿಮ್ಮ ಹೊಲದ್ದೇ," ಎಂದು ಗಾಜು ಕೊಟ್ಟರು.

ಆಕೆಗೆ ರೆಕ್ಕೆಯ ಮೇಲಿನ ಸುಳ್ಳು ನರ ಎಲ್ಲಿದೆ ಎಂದು ನಾನು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದಳು.

"ಇದೇನ್ರಿ, ನಮ್ಮ ಹೊಲದ ಕಾಲುವಿ ಇದ್ದಂಗ ಅದ. ಎಲ್ಲಿಂದನೂ ಬರಂಗಿಲ್ಲ, ಎಲ್ಲೀಗೂ ಮುಟ್ಟಂಗಿಲ್ಲ."

ಸಾಹೇಬರು ತಿರುಗಿ ನೋಡಿದರು, ನಾಲ್ಕು ಮಾರು ದೂರದಲ್ಲಿ ನಿಂತುಹೋದ ಆ ಹೊಲಗಾಲುವೆಯನ್ನು. ನಾನು ಅವರ ಕೈಕೆಳಗೆ ಕೆಲಸ ಮಾಡಿದ ವರ್ಷಗಳಲ್ಲಿ ಅವರು ಬಾಯಿ ತುಂಬಾ ನಕ್ಕದ್ದನ್ನು ಕಂಡದ್ದು ಅವತ್ತು ಮೊದಲು. ಕಣ್ಣೊರೆಸಿಕೊಂಡು ಹೊಲದೊಳಗೆ ಇಳಿದರು. ಬಿಳಿ ಪ್ಯಾಂಟಿಗೆ ಮುಳ್ಳು ಕಚ್ಚಿದರೂ ನಡುವಿನವರೆಗೆ ಹೋದರು. ಚಿಗುರು ಬಗ್ಗಿಸಿದರು. ಹೇನು ಇದ್ದ ಜಾಗದಲ್ಲಿ ಒಣ ಸಿಪ್ಪೆಗಳು, ಜೀವಂತ ಹೇನು ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿತ್ತು. ಹತ್ತು ಮೊಗ್ಗು ಕೊಯ್ದು ಸೀಳಿ ನೋಡಿದರು, ಒಳಗೆ ಒಂದು ಹುಳವೂ ಇರಲಿಲ್ಲ. ಅವರ ತಲೆಯ ಮೇಲೆ ಗೇಣು ಎತ್ತರದಲ್ಲಿ ಒಂದು ನೊಣ ಬಂದು ನಿಂತಿತು. ಅವರಿಗೆ ಅದು ಗೊತ್ತಾಗಲಿಲ್ಲ. ನಮಗೆ ಐವರಿಗೂ ಕಾಣುತ್ತಿತ್ತು.

ಹೊರಗೆ ಬಂದು ಪೆನ್ನು ತೆಗೆದು ಔಷಧಿಯ ಹುಕುಮಿನ ಮೇಲೆ ಅಡ್ಡ ಗೆರೆ ಎಳೆದರು. ನನ್ನ ಹಾಳೆಯನ್ನೂ ಕೇಳಿ ಇಸಿದುಕೊಂಡರು. ಅದನ್ನು ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. 'ಹುಳ' ಎಂದಿದ್ದ ಕಾಲಂ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದು, ಒಂದು ಕಡೆ 'ಶತ್ರು', ಇನ್ನೊಂದು ಕಡೆ 'ಮಿತ್ರ' ಎಂದು ಬರೆದರು.

"ಇನ್ನು ಮೇಲೆ ಹೀಗೆ ಎಣಿಸಿ ಶರಣಪ್ಪ. ತಾಲ್ಲೂಕಿನವರೆಲ್ಲ ಹೀಗೇ ಎಣಿಸಲಿ."

ಆ ಹಿಂಗಾರಿಯಿಂದಲೇ ನಮ್ಮ ತಾಲ್ಲೂಕಿನ ಹಾಳೆಗೆ ಎರಡು ಕಾಲಂ ಆದವು. ನೀವು ಈಗ ತುಂಬುವ ಹಾಳೆ ಬೇರೆ ಇರಬಹುದು, ಫೋನಿನಲ್ಲೇ ಇರಬಹುದು. ನನ್ನ ಮಾತು ಇಷ್ಟೇ: ಎಣಿಸುವ ಮೊದಲು ಒಂದು ಹುಳ ಉಣ್ಣುವುದನ್ನು ಪೂರ್ತಿ ಕುಳಿತು ನೋಡಿ. ಪ್ಯಾಂಟಿಗೆ ಮುಳ್ಳು ಹತ್ತುತ್ತವೆ, ಹತ್ತಲಿ.

ಭಾಗಮ್ಮನ ಕುಸುಬಿ ಗಾಣಕ್ಕೆ ಹೋಯಿತು. ಬೀಜಕ್ಕೂ ಉಳಿಯಿತು. ಆ ಸಲ ಬೀಜ ಕೇಳಲು ಮೊದಲು ಬಂದವನು ಸಂಗಣ್ಣ. "ಔಷಧಿ ಸಾಕು ಅಂದಿದ್ದೆಲ್ಲೊ," ಎಂದು ಆಕೆ ಒಂದು ಮಾತು ಅಂದು, ಎರಡು ಸೇರು ಹೆಚ್ಚೇ ಅಳೆದು ಕೊಟ್ಟಳಂತೆ. ನಾನು ಚಾಚಾನ ಗಾಜು ತಿರುಗಿ ಕೊಡಲು ಹೋದಾಗ ಅವರು ಇಸಿದುಕೊಳ್ಳಲಿಲ್ಲ. ಹಳೆಯದು, ಗೀರು ಬಿದ್ದದ, ನನಗ ಬ್ಯಾರೆ ಅದ, ಎಂದರು. ಆ ಗಾಜಿನಲ್ಲಿ ಗೀರು ಎಲ್ಲಿದೆ ಎಂದು ನಾನು ಈಗಲೂ ಹುಡುಕುತ್ತಿದ್ದೇನೆ.

ಮರುವರ್ಷ ಕುಸುಬಿ ಮೊಗ್ಗಾಗುವ ಹೊತ್ತಿಗೆ ನಾನು ಶಹಾಪುರದ ಕಚೇರಿಯಲ್ಲಿ ಕುಳಿತಿದ್ದೆ. ಭಾಗಮ್ಮ ಬಂದಳು, ಬಸ್ಸಿನ ಧೂಳು ಮುಖದ ಮೇಲೆ ಹಾಗೇ ಇತ್ತು. ಸೆರಗಿನ ಗಂಟು ಬಿಚ್ಚಿ ಒಂದು ಬೆಂಕಿಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಜೋಳದ ಬೆಂಡು, ಬೆಂಡಿಗೆ ಸೂಜಿ, ಸೂಜಿಗೆ ಒಣಗಿದ ಸಣ್ಣ ನೊಣ. ಜೊತೆಗೆ ಒಂದು ಎಲೆಯಲ್ಲಿ ಸುತ್ತಿದ ಸೀಳಿದ ಮೊಗ್ಗು.

"ಇದು ಬ್ಯಾರೆ ಅದ್ರಿ," ಅಂದಳು. "ಬೂದಿ ಬಣ್ಣ, ರೆಕ್ಕಿ ಮ್ಯಾಲ ಕಲಿ ಅವ. ಅಂತರಲೆ ನಿಂದ್ರಂಗಿಲ್ಲ, ಮೊಗ್ಗಿನ ಮ್ಯಾಲೇ ಕುಂದ್ರತದ. ಹುಳ ಹೊರಗಿಲ್ಲ, ಒಳಗ ಅದ. ಈ ಸಲ ಹೇನೂ ಬಂದಿಲ್ಲ, ನಮ್ಮ ನೊಣಾನೂ ಬಂದಿಲ್ಲ. ಪಂಪು ಕಳಸ್ರಿ."

ಗಾಜು ಸಿಕ್ಕಿಸಿಕೊಂಡು ನೋಡಿದೆ. ಒಂದೊಂದು ಗುರುತೂ ಆಕೆ ಹೇಳಿದ ಹಾಗೆಯೇ ಇತ್ತು. ಹಾಳೆ ತೆಗೆದು 'ಶತ್ರು' ಅನ್ನುವ ಕಡೆ ಕುಸುಬಿ ನೊಣ ಎಂದು ಬರೆದೆ. ಕೆಳಗೆ, ಗುರುತಿಸಿದವರು ಎಂಬಲ್ಲಿ ಭಾಗಮ್ಮ, ದೋರನಹಳ್ಳಿ ಎಂದು ಬರೆದು, ಹಾಳೆಯನ್ನು ಆಕೆಯ ಮುಂದೆ ಸರಿಸಿದೆ. ಈ ಸಲ ಮೇಜಿನ ಮೇಲೆ ಇಟ್ಟುಕೊಂಡು ರುಜು ಹಾಕಿದಳು.

ಸಾಹೇಬರು ಅದನ್ನು ಓದಿ, ಏನೂ ಕೇಳದೆ, ಕೆಳಗೆ ತಮ್ಮ ರುಜು ಹಾಕಿದರು. ಮರುದಿನ ಮುಂಜಾನೆ ಪಂಪು ದೋರನಹಳ್ಳಿಗೆ ಹೋಯಿತು.